ಹದ್ದಿನ ಬೆನ್ನು ಹತ್ತಿ 38 ನಿಮಿಷ

ಕಳೆದ ಭಾನುವಾರ ನನ್ನ ಗ್ಲೈಡರ್ 38 ನಿಮಿಷ ಮೇಲಿತ್ತು. ಅದರಲ್ಲಿ ಮೋಟರ್ ಓಡಿದ್ದು ಬರೀ 25 ಸೆಕೆಂಡ್.

ಗ್ಲೈಡರ್ ಅಂದರೆ ಗಾಳಿಯ ಮೇಲೆ ತೇಲುವ ವಿಮಾನ. ನನ್ನದು ಕೂತು ಹಾರುವಂಥದ್ದಲ್ಲ, ರಿಮೋಟಿನದು. ಎರಡು ಮೀಟರ್ ರೆಕ್ಕೆ, ಫೋಮ್ ಮೈ. ಪುಣೆಯ ಹಡಪ್ಸರಿನಲ್ಲಿ ಒಮ್ಮೆ ದೊಡ್ಡ ಗ್ಲೈಡರನ್ನು ವಿಂಚ್‌ನಿಂದ, ಅಂದರೆ ಹಗ್ಗ ಸುತ್ತುವ ಯಂತ್ರದಿಂದ, ಎಳೆದು ಮೇಲೆ ಬಿಡೋದನ್ನು ನೋಡಿದ್ದೆ, ಹುಚ್ಚು ಹತ್ತಿದ್ದು ಅಲ್ಲಿಂದಲೇ.

ನಾನು ಹಾರಿಸೋದು ಕಲಬುರಗಿಯಿಂದ ಆಳಂದ ರಸ್ತೆಯಲ್ಲಿರುವ ಕಾಕಾನ ಹೊಲದಲ್ಲಿ. ವಿಮಾನ ನಿಲ್ದಾಣ ಇರೋದು ಊರಿನ ಆ ಕಡೆ, ಶ್ರೀನಿವಾಸ ಸರಡಗಿ ಹತ್ತಿರ. 2019ರಲ್ಲಿ ಅದು ಶುರುವಾದ ಮೇಲೆ ಅತ್ತ ತಲೆ ಹಾಕಿಲ್ಲ. ಇಲ್ಲಿ ಸರ್ಕಾರದ ಡ್ರೋನ್ ಮ್ಯಾಪಿನಲ್ಲಿ ಹಸಿರು ವಲಯ, ಹಾರಿಸೋಕೆ ಮೊದಲೇ ಅನುಮತಿ ಬೇಡ, ಆದರೂ 400 ಅಡಿ, ಅಂದರೆ ಸುಮಾರು 120 ಮೀಟರ್, ದಾಟೋ ಹಾಗಿಲ್ಲ.

ಮೊದಲು ಬ್ಯಾಲೆನ್ಸ್ ನೋಡಿದೆ. ರೆಕ್ಕೆಯ ಕೆಳಗೆ ಗುರುತು ಹಾಕಿದ ಜಾಗದಲ್ಲಿ ಎರಡು ಬೆರಳಿಟ್ಟು ಎತ್ತಿದರೆ ಮೂಗು ಚೂರೇ ಚೂರು ಕೆಳಗೆ ಬಾಗಬೇಕು. ಹೋದ ವರ್ಷ ಬ್ಯಾಟರಿ ಒಂದು ಬೆರಳು ಹಿಂದೆ ಸರಿದಿದ್ದು ನೋಡದೆ ಎಸೆದಿದ್ದೆ, ಸೀದಾ ಜಾಲಿ ಕಂಟಿಗೆ ಹೋಯ್ತು. ಮುರಿದ ಬಾಲದೊಳಗೆ ಇವತ್ತಿಗೂ ತೊಗರಿ ಕಟ್ಟಿಗೆಯ ತುಂಡೇ ಇದೆ.

ಒಂಬತ್ತೂವರೆಯಿಂದ ನಾಲ್ಕು ಸಲ ಬಿಟ್ಟೆ. ಮೂರು ನಿಮಿಷ, ನಾಲ್ಕು ನಿಮಿಷ, ಅಷ್ಟೇ. ನೆಲ ಇನ್ನೂ ಕಾದಿರಲಿಲ್ಲ.

ಹನ್ನೊಂದು ದಾಟಿದ ಮೇಲೆ ಆಟ ಬದಲಾಯ್ತು. ಗಾಳಿ ನೋಡೋಕೆ ಒಂದು ತೊಗರಿ ಕಟ್ಟಿಗೆ ನೆಟ್ಟು ತುದಿಗೆ ಕೆಂಪು ದಾರ ಕಟ್ಟಿರ್ತೀನಿ. ಬೆಳಿಗ್ಗೆಯಿಂದ ಒಂದೇ ಕಡೆ ಹಾರುತ್ತಿದ್ದ ದಾರ ಜೋತು ಬಿತ್ತು, ಆಮೇಲೆ ಮೆಲ್ಲಗೆ ಉಲ್ಟಾ ತಿರುಗಿತು. ಎಲ್ಲೋ ಬಿಸಿ ಗಾಳಿ ಏಳ್ತಿದೆ, ಸುತ್ತಲಿನ ಗಾಳಿ ಅದರ ಬುಡಕ್ಕೆ ನುಗ್ತಿದೆ ಅಂತ ಅರ್ಥ. ದಾರ ತೋರಿಸಿದ ಕಡೆ ನೋಡಿದರೆ ಕಬ್ಬಿನ ಗದ್ದೆ ಮುಗಿದು ಹರಗಿದ ಎರೆ ಹೊಲ ಶುರುವಾಗುವ ಜಾಗ, ಕಬ್ಬು ತಂಪು, ಕರಿ ಮಣ್ಣು ರೊಟ್ಟಿ ಹಂಚಿನ ಹಾಗೆ ಕಾದಿದೆ, ಅದರ ಮೇಲೆ ಒಂದು ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕ್ತಿದೆ. ತಕ್ಷಣ ಎಸೆದೆ, ಮೋಟರ್ ಹಾಕಿದೆ, ಸುಮಾರು 60 ಮೀಟರ್‌ಗೆ ಬಂದ್ ಮಾಡಿದೆ.

ಹದ್ದಿನ ಕೆಳಗೆ ಹೋಗುತ್ತಲೇ ಎಡ ರೆಕ್ಕೆ ಮೇಲೆದ್ದಿತು. ಹೊಸಬರು ತಪ್ಪೋದು ಇಲ್ಲೇ. ಗ್ಲೈಡರ್ ತಾನಾಗಿ ಬಲಕ್ಕೆ ವಾಲುತ್ತೆ, ಸುಮ್ನೆ ಬಿಟ್ಟರೆ ಏರುವ ಗಾಳಿಯಿಂದ ಹೊರಗೇ ಹೋಗುತ್ತೆ. ಎದ್ದ ರೆಕ್ಕೆಯ ಕಡೆಗೇ ತಿರುಗಿಸಬೇಕು. ತಿರುಗಿಸಿದೆ, ಗ್ಲೈಡರ್ ಏರ್ತಿದೆ ಅಂತ ರಿಮೋಟ್ ಪೀ ಪೀ ಅನ್ನೋಕೆ ಶುರು ಮಾಡಿತು. ಗಾಳಿ ಜೊತೆ ಸುತ್ತೂ ಸರಿಯುತ್ತೆ, ಅದರ ಹಿಂದೆಯೇ ಸರಿದೆ. 110 ಮೀಟರ್ ಆದಾಗ ಮಾತ್ರ ರೆಕ್ಕೆಯ ಹಿಂದಿನ ಪಟ್ಟಿ, ಅಂದರೆ ಫ್ಲಾಪ್, ಇಳಿಸಿ ಹೊರಗೆ ಬಂದೆ. ಸಿಕ್ಕ ಗಾಳಿ ಬಿಟ್ಟು ಇಳಿಯೋದು ನಿಜಕ್ಕೂ ಹೊಟ್ಟೆ ಉರಿ, ಅದರಲ್ಲೂ ಹದ್ದು ಮಾತ್ರ ಇನ್ನೂ ಏರ್ತಾ ಚುಕ್ಕಿಯಾಗ್ತಿದ್ದರೆ! ಇಳಿದು ಮತ್ತೆ ಹೊಕ್ಕೆ. ಹೀಗೆ ಐದಾರು ಸಲ.

ಕಾಕಾ ಬಂದು ಪಕ್ಕ ನಿಂತರು. "ಮೋಟರ್ ಬಂದ್ ಅದ ಅಂತಿ, ಮತ್ತ ಮ್ಯಾಲ ಹ್ಯಾಂಗ ಹೊಂಟದ?"

ಹದ್ದು ತೋರಿಸಿದೆ.

"ಅದಕ್ಕ ಹೊಟ್ಟಿ ಹಸದದ, ಹಾರ್ತದ. ನಿನಗೇನಾಗ್ಯದ? ರೊಟ್ಟಿ ಆರ್ಲಕತ್ತಾವ, ಬಾ."

ಕುತ್ತಿಗೆಯೂ ಹಿಡಿದಿತ್ತು, ಇಳಿಸಿದೆ. ಕಾಲ ಬಳಿಗೆ ಇಳಿಸ್ತೀನಿ ಅಂತ ಕಾಕಾನ ಮುಂದೆ ಜಂಬ ಕೊಚ್ಚಿದ್ದೆ, ನಲವತ್ತು ಹೆಜ್ಜೆ ಆಚೆ ಹೆಂಟೆ ಮೇಲೆ ಕೂತಿತು.