ಕ್ಲೆಬ್ಸಿಯೆಲ್ಲಾದ ಲೋಳೆ ಹೊರಗೆ ಬರುವುದು ಹೇಗೆ: ನಾನು ಪಾಠ ಮಾಡುವ ರೀತಿ

ಮಂಗಳೂರಿನ ಒಂದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪ್ರಾಕ್ಟಿಕಲ್ ನೋಡಿಕೊಳ್ಳುತ್ತೇನೆ. ಕ್ಯಾಪ್ಸೂಲ್, ಅಂದರೆ ಬ್ಯಾಕ್ಟೀರಿಯಾದ ಸುತ್ತ ಇರುವ ಸಕ್ಕರೆ ಸರಪಳಿಗಳ ಲೋಳೆ ಹೊದಿಕೆ, ಅದರ ಪಾಠ ಬಂದಾಗ ಬೋರ್ಡಿನ ಕಡೆ ಹೋಗುವುದೇ ಇಲ್ಲ. ಮೊದಲು ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟ್.

ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾದ ಕಾಲನಿಗಳು (ಗುಂಪಾಗಿ ಬೆಳೆದ ಚುಕ್ಕೆಗಳು) ಹೊಳೆಯುತ್ತಾ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ತಂತಿಯ ಲೂಪ್ ಮುಟ್ಟಿಸಿ ಮೆಲ್ಲಗೆ ಎತ್ತಿದರೆ ಕೆಲವು ತಳಿಗಳಲ್ಲಿ ಬೆಂಡೆಕಾಯಿ ಲೋಳೆಯ ಹಾಗೆ ನೂಲು ಬರುತ್ತದೆ. 5 ಮಿಲಿಮೀಟರ್ ದಾಟಿದರೆ ಸ್ಟ್ರಿಂಗ್ ಟೆಸ್ಟ್ ಪಾಸಿಟಿವ್.

ಆಮೇಲೆ ಇಂಡಿಯಾ ಇಂಕ್. ಒಂದು ಹನಿ ಇಂಕಿನಲ್ಲಿ ಚೂರು ಕಾಲನಿ ಕಲಸಿ, ಕವರ್‌ಸ್ಲಿಪ್ ಹಾಕಿ, ಬ್ಲಾಟಿಂಗ್ ಪೇಪರ್‌ನಿಂದ ಒತ್ತಬೇಕು. ಇಂಕ್ ತೆಳುವಾಗಿ ಕಂದು ಬಣ್ಣಕ್ಕೆ ಬಂದ ಜಾಗದಲ್ಲೇ ನೋಡಬೇಕು. ಕಪ್ಪಿನ ನಡುವೆ ಕೋಶ, ಸುತ್ತ ಬೆಳ್ಳಗಿನ ಉಂಗುರ. ಇಂಕಿನ ಕಣ ಕ್ಯಾಪ್ಸೂಲಿನೊಳಗೆ ನುಗ್ಗುವುದಿಲ್ಲ, ಅದಕ್ಕೇ ಆ ಜಾಗ ಖಾಲಿ ಕಾಣುತ್ತದೆ.

"ಮೇಡಂ, ಬರ್ನರ್ ಮೇಲೆ ಒಣಗಿಸಲಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡ ಮಾರಾಯಾ! ಕ್ಯಾಪ್ಸೂಲಿನಲ್ಲಿ ಜಾಸ್ತಿ ಇರುವುದೇ ನೀರು, ಕಾಯಿಸಿದರೆ ಕುಗ್ಗಿಹೋಗುತ್ತದೆ. ನಮ್ಮೂರಿನ ಜುಲೈ ಮಳೆಗೆ ನಿಗ್ರೋಸಿನ್ (ಇನ್ನೊಂದು ಕಪ್ಪು ಬಣ್ಣ) ಹಚ್ಚಿದ ಸ್ಲೈಡ್ ತಾನಾಗಿ ಒಣಗುವುದೂ ಕಷ್ಟ. ಹಾಗಾಗಿ ನನಗೆ ಹಸಿ ಸ್ಲೈಡೇ ಇಷ್ಟ.

ಉಂಗುರ ಕಂಡ ಮೇಲೆ ನನ್ನ ಪ್ರಶ್ನೆ: ಕೋಶದ ಒಳಪೊರೆ, ಹೊರಪೊರೆ ಎರಡನ್ನೂ ದಾಟಿ ಇಷ್ಟುದ್ದದ ಸಕ್ಕರೆ ಸರಪಳಿ ಹೊರಗೆ ಬಂದದ್ದು ಹೇಗೆ?

ಈ ಕೆಲಸ ಮಾಡುವ ಪ್ರೋಟೀನುಗಳ ಹೆಸರೆಲ್ಲ 'ಡಬ್ಲ್ಯೂ ಝಡ್' ಎಂದೇ ಶುರು. ನಾಲಿಗೆ ತಡವರಿಸುತ್ತದೆ ಅಂತ ಕ್ಲಾಸಿನಲ್ಲಿ ಕೊನೆಯ ಅಕ್ಷರ ಮಾತ್ರ ಹೇಳುತ್ತೇವೆ: Wzx ಅಂದರೆ ಎಕ್ಸ್. ಕೋಶದ ಒಳಗಡೆ, 55 ಕಾರ್ಬನ್‌ನ ಒಂದು ಲಿಪಿಡ್ (ಕೊಬ್ಬಿನಂಥ ಅಣು) ಮೇಲೆ, ನಾಲ್ಕಾರು ಸಕ್ಕರೆಗಳ ತುಂಡು ಮಾತ್ರ ಕಟ್ಟುತ್ತದೆ. ಎಕ್ಸ್ ಅದನ್ನು ಒಳಪೊರೆಯ ಆಚೆ ಬದಿಗೆ ಮಗುಚುತ್ತದೆ. ವೈ ತುಂಡುಗಳನ್ನು ಸರಪಳಿ ಮಾಡುತ್ತದೆ. ಹೊರಪೊರೆಯ ಬಾಗಿಲು ಎ. ಅದರ 8 ಪ್ರತಿಗಳು ಸುತ್ತುವರಿದು ಒಂದು ಸುರಂಗ. ಇ. ಕೋಲೈ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಈ ಸುರಂಗದ ರಚನೆ 2006ರಲ್ಲಿ ಪ್ರಕಟವಾಯಿತು. ಹೊರಪೊರೆಯ ಪ್ರೋಟೀನು ಅಂದರೆ ಬೀಟಾ ಪೀಪಾಯಿ (ಸುರುಳಿಯಲ್ಲ, ಚಪ್ಪಟೆ ಎಳೆಗಳು ಸುತ್ತಿ ಆದ ಪೀಪಾಯಿ) ಅಂತ ಓದಿದವರಿಗೆ ಅದೊಂದು ಬೆರಗು: ಇದು ಪೊರೆ ದಾಟುವುದು ಆಲ್ಫಾ ಸುರುಳಿಗಳಿಂದ.

ವೈವಾದಲ್ಲಿ ನಾನು ಹಿಡಿಯುವುದು ಇಲ್ಲಿ. ಎರಡು ಪೊರೆಗಳ ನಡುವೆ ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಇಲ್ಲ, ಅಲ್ವಾ? ಹಾಗಾದರೆ ಹಿಡಿತ ಯಾರದ್ದು? ಒಳಪೊರೆಯಲ್ಲಿ ಕೂತ ಸಿಯದ್ದು. ಅದರ ಬಾಲ ಕೋಶದೊಳಗಿದೆ, ಎಟಿಪಿ ಸಿಗುವುದೂ ಅಲ್ಲೇ. ಬಾಲದ ಟೈರೋಸಿನ್ ಎಂಬ ಅಮೈನೋ ಆಮ್ಲಗಳಿಗೆ ಸಿ ತಾನೇ ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ, ಬಿ ಅದನ್ನು ಕಿತ್ತುಹಾಕುತ್ತದೆ. ಬರೀ ಅಂಟಿಸಿದರೂ ಸಾಲದು, ಬರೀ ಕಿತ್ತರೂ ಸಾಲದು. ಎರಡೂ ನಡೆಯುತ್ತಿದ್ದರೆ ಮಾತ್ರ ಕ್ಯಾಪ್ಸೂಲ್.

ಕೆ1 ಬಗೆಯ ಕ್ಯಾಪ್ಸೂಲ್ ಇರುವ ಇ. ಕೋಲೈ ದಾರಿಯೇ ಬೇರೆ. ಅಲ್ಲಿ ಪೂರ್ತಿ ಸರಪಳಿ ಕೋಶದೊಳಗೇ ತಯಾರಾಗಿ, ಎಬಿಸಿ ಟ್ರಾನ್ಸ್‌ಪೋರ್ಟರ್ (ಎಟಿಪಿ ಬಳಸಿ ಸಾಗಿಸುವ ಪ್ರೋಟೀನು) ಮೂಲಕ ಒಳಪೊರೆ ದಾಟುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಸೇರಿಸಿ ಬರೆದರೆ ನಾನು ಮಾರ್ಕ್ಸ್ ಕೊಡುವುದಿಲ್ಲ.