ಡಬ್ಲಿನ್‌ನಿಂದ ಬರುವವಳಿಗೆ ಮೈಸೂರಿನಿಂದ ಟಿಕೆಟ್

ನನ್ನ ಹೆಂಡತಿ ಡಬ್ಲಿನ್‌ನಲ್ಲಿ ನರ್ಸ್, ನಾನಿರುವುದು ಮೈಸೂರಿನಲ್ಲಿ. 2024ರ ಡಿಸೆಂಬರ್‌ನಲ್ಲಿ ರಜೆಗೆ ಬರುತ್ತೇನೆ ಅಂದಾಗ ಟಿಕೆಟ್ ನಾನೇ ತೆಗೆಯುತ್ತೇನೆ ಅಂದೆ. ಅವಳ ಸಂಬಳ ನನ್ನದಕ್ಕಿಂತ ಜಾಸ್ತಿ, ಅದು ಬೇರೆ ಮಾತು. ಗಂಡ ಅನ್ನಿಸಿಕೊಂಡವನು ವರ್ಷಕ್ಕೊಂದು ಟಿಕೆಟ್ಟಾದರೂ ತೆಗೆಸಬೇಡವೇ ಅನ್ನುವ ಹುಮ್ಮಸ್ಸು. ಇನ್ನೊಂದು ಕಾರಣವೂ ಇತ್ತು. ಅವಳದು ಹನ್ನೆರಡು ಹದಿಮೂರು ಗಂಟೆಯ ಡ್ಯೂಟಿ. ಮನೆಗೆ ಬಂದು ಊಟ ಮಾಡಿ ಮಲಗಿದರೆ ದಿನ ಮುಗಿಯಿತು. ಹತ್ತು ವೆಬ್‌ಸೈಟ್ ತೆರೆದು ರೇಟು ನೋಡುತ್ತಾ ಕೂರುವ ಪುರುಸೊತ್ತು ಇರುವುದು ನನಗೇ.

ರಜೆ ಮಂಜೂರಾಗಿ ರೋಸ್ಟರ್‌ನಲ್ಲಿ, ಅಂದರೆ ಡ್ಯೂಟಿ ಪಟ್ಟಿಯಲ್ಲಿ, ಬರುವ ತನಕ ಕಾದೆವು. ಐಆರ್‌ಪಿ ಕಾರ್ಡಿನ ತಾರೀಕನ್ನೂ ನೋಡಿಕೊಂಡೆವು. ಐರ್ಲೆಂಡಿನಲ್ಲಿ ನೆಲೆಸಿರುವ ನಮ್ಮಂಥ ಹೊರಗಿನವರಿಗೆ ಕೊಡುವ ಕಾರ್ಡ್ ಅದು. 2019ರ ಮೇ ತಿಂಗಳಿಂದ ರಜೆ ಮುಗಿಸಿ ವಾಪಸ್ ಹೋಗಲು ಬೇರೆ ವೀಸಾ ಬೇಡ, ಈ ಕಾರ್ಡ್ ಇದ್ದರೆ ಸಾಕು. ಆದರೆ ವಾಪಸ್ ಹೋಗುವ ದಿನಕ್ಕೆ ಅದರ ಅವಧಿ ಮುಗಿದಿರಬಾರದು.

ಡಬ್ಲಿನ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇಲ್ಲ. ದುಬೈ ಮೇಲಿಂದ ಎಮಿರೇಟ್ಸ್, ಅಬುಧಾಬಿ ಮೇಲಿಂದ ಎತಿಹಾದ್, ದೋಹಾ ಮೇಲಿಂದ ಕತಾರ್ ಏರ್‌ವೇಸ್. ಯೂರೋಪಿನ ಊರುಗಳ ಮೇಲಿಂದಲೂ ಬರಬಹುದು, ಆದರೆ ನಮ್ಮ ಪಾಸ್‌ಪೋರ್ಟಿಗೆ ಕೆಲವು ಕಡೆ ಸುಮ್ನೆ ವಿಮಾನ ಬದಲಿಸುವುದಕ್ಕೂ ಟ್ರಾನ್ಸಿಟ್ ವೀಸಾ ಕೇಳುತ್ತಾರೆ. ಆ ತಲೆನೋವು ಬೇಡ ಅಂತ ಗಲ್ಫ್ ದಾರಿಯನ್ನೇ ಹಿಡಿದೆ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿರಲಿ ಅನ್ನುವುದು ನನ್ನ ಹಟ. ಬೇರೆ ಬೇರೆ ಟಿಕೆಟ್ ಜೋಡಿಸಿದರೆ ನಾಲ್ಕು ಕಾಸು ಉಳಿಯುತ್ತದೆ ನಿಜ. ಆದರೆ ಮೊದಲ ವಿಮಾನ ತಡವಾದರೆ ಎರಡನೆಯವರು ನಮ್ಮನ್ನು ಕೇಳುವುದಿಲ್ಲ.

ಮೊದಲ ಎಡವಟ್ಟು ಒಂದು ಏಜೆನ್ಸಿಯ ವೆಬ್‌ಸೈಟಿನಲ್ಲಾಯಿತು. ಮೂರು ಸಾವಿರ ಕಡಿಮೆ ತೋರಿಸಿತು. ದುಡ್ಡು ಕಟ್ ಆಯಿತು, ಆರು ಅಕ್ಷರದ ಪಿಎನ್‌ಆರ್ ಬಂತು. ಅವಳಿಗೆ ಕಳಿಸಿದೆ, ಅವಳು ಅವರಮ್ಮನಿಗೂ ಹೇಳಿದಳು. ಮೂರನೇ ದಿನ ಮೇಲ್: ಟಿಕೆಟ್ ಮಾಡಲು ಆಗಲಿಲ್ಲ, ಹಣ ವಾಪಸ್. ಅದು ವಾಪಸ್ ಬರಲು ಒಂಬತ್ತು ದಿನ. ಅಷ್ಟರಲ್ಲಿ ರೇಟು ಏರಿತ್ತು. ಪಿಎನ್‌ಆರ್ ಅಂದರೆ ಸೀಟು ಹಿಡಿದಿದ್ದಾರೆ ಅಂತ ಮಾತ್ರ, ಟಿಕೆಟ್ ಆಗಿದೆ ಅಂತಲ್ಲ ಎಂದು ಆಗ ತಿಳಿಯಿತು. ಟಿಕೆಟ್ ಆದರೆ 13 ಅಂಕಿಯ ನಂಬರ್ ಬರುತ್ತದೆ. ಅದರ ಮೊದಲ ಮೂರು ಅಂಕಿ ವಿಮಾನ ಕಂಪನಿಯ ಗುರುತು: ಎಮಿರೇಟ್ಸ್‌ಗೆ 176, ಕತಾರ್‌ಗೆ 157, ಎತಿಹಾದ್‌ಗೆ 607. ಆ ನಂಬರ್ ಕಣ್ಣಿಗೆ ಬೀಳುವ ತನಕ ಈಗ ನಾನು ಯಾರಿಗೂ ಬಾಯಿ ಬಿಡುವುದಿಲ್ಲ.

ಎರಡನೇ ಸಲ ಕಂಪನಿಯ ವೆಬ್‌ಸೈಟಿಗೇ ಹೋದೆ. ಹೆಸರಿನ ಖಾನೆಯಲ್ಲಿ ಅರ್ಧ ದಿನ ಹೋಯಿತು. ನಮ್ಮ ಕಡೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಎಲ್ಲಿರುತ್ತದೆ? ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ. ಅವಳ ಹೆಸರು, ಅಪ್ಪನ ಹೆಸರು ಎರಡೂ ಗಿವನ್ ನೇಮ್‌ನಲ್ಲಿವೆ. ವೆಬ್‌ಸೈಟು ಮಾತ್ರ ಲಾಸ್ಟ್ ನೇಮ್ ಕೊಡದೆ ಮುಂದೆ ಬಿಡುವುದಿಲ್ಲ. ಇದಕ್ಕೆ ಒಬ್ಬೊಬ್ಬರದು ಒಂದೊಂದು ಪದ್ಧತಿ. ಒಬ್ಬರು ಅದೇ ಹೆಸರನ್ನು ಎರಡೂ ಖಾನೆಯಲ್ಲಿ ಬರೆಯಿರಿ ಅನ್ನುತ್ತಾರೆ, ಇನ್ನೊಬ್ಬರು ಕೊನೆಯ ಪದವನ್ನು ಲಾಸ್ಟ್ ನೇಮ್ ಮಾಡಿ ಅನ್ನುತ್ತಾರೆ, ಮತ್ತೊಬ್ಬರು ಎಲ್‌ಎನ್‌ಯು (ಲಾಸ್ಟ್ ನೇಮ್ ಅನ್‌ನೋನ್) ಅಂತ ಹಾಕಿ ಅನ್ನುತ್ತಾರೆ. ನಾನು ಕಸ್ಟಮರ್ ಕೇರ್ ಚಾಟ್‌ನಲ್ಲಿ ಕೇಳಿ, ಅವರು ಹೇಳಿದ ಹಾಗೆ ತುಂಬಿ, ಆ ಚಾಟ್‌ನ ಸ್ಕ್ರೀನ್‌ಶಾಟ್ ಅವಳಿಗೆ ಕಳಿಸಿದೆ. ಟಿಕೆಟ್ ಬಂದ ಮೇಲೆ ನೋಡಿದರೆ ಹೆಸರಿನ ಕೊನೆಗೆ ಎಂಆರ್‌ಎಸ್ ಅಂತ ಬಾಲ ಅಂಟಿಕೊಂಡಿದೆ, ಮಧ್ಯೆ ಜಾಗವೇ ಇಲ್ಲ. ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಅದು ಮಿಸೆಸ್. ಅವರ ಸಿಸ್ಟಂ ಹಾಗೇ ಅಂಟಿಸುವುದು, ಅದು ತಪ್ಪಲ್ಲ.

ದುಡ್ಡಿನ ವಿಷಯ. ಪ್ರಯಾಣ ಯಾವ ದೇಶದಿಂದ ಶುರುವೋ ಸಾಮಾನ್ಯವಾಗಿ ಆ ದೇಶದ ಹಣದಲ್ಲೇ ದರ. ನಾನು ಮೈಸೂರಿನಲ್ಲಿ ಕೂತು ಕಟ್ಟಿದರೂ ಡಬ್ಲಿನ್‌ನಿಂದ ಹೊರಡುವ ಟಿಕೆಟ್ ಯೂರೋದಲ್ಲೇ ಬಂತು: 540 ಯೂರೋ. ಮೊದಲ ಸಲ ಕಾರ್ಡ್ ಕೆಲಸವೇ ಮಾಡಲಿಲ್ಲ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಬಂದ್ ಇರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ಮಾಡಿದೆ. ಆಗ ಯೂರೋ 90 ರೂಪಾಯಿಯ ಆಸುಪಾಸಿನಲ್ಲಿತ್ತು. ನನ್ನ ಕಾರ್ಡ್ ವಿದೇಶಿ ಹಣಕ್ಕೆ 3.5 ಶೇಕಡಾ ಶುಲ್ಕ ಹಾಕುತ್ತದೆ, ಆ ಶುಲ್ಕದ ಮೇಲೆ 18 ಶೇಕಡಾ ಜಿಎಸ್‌ಟಿ. ಒಟ್ಟು 2,000 ರೂಪಾಯಿ ಹೋಯಿತು. ಅವಳೇ ತನ್ನ ಅಲ್ಲಿನ ಕಾರ್ಡಿನಿಂದ ಕಟ್ಟಿದ್ದರೆ ಅದು ಉಳಿಯುತ್ತಿತ್ತು. ಹುಮ್ಮಸ್ಸಿನ ಬೆಲೆ ಅಂದುಕೊಂಡೆ.

ಬೆಲೆ ಅಷ್ಟಕ್ಕೇ ನಿಲ್ಲಲಿಲ್ಲ. ಅವಳು ಹೊರಡುವ ದಿನ ನಾನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುತ್ತಿದ್ದೆ. ನಮಗೆ ಸಂಜೆ ಐದು, ಅಲ್ಲಿ ಬೆಳಿಗ್ಗೆ ಹನ್ನೊಂದೂವರೆ, ಅವಳು ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಲ್ಲಿದ್ದಳು. ಫೋನ್ ಬಂತು.

"ರೀ, ಟಿಕೆಟ್‌ಗೆ ದುಡ್ಡು ಕಟ್ಟಿದ ಕಾರ್ಡ್ ತೋರಿಸಿ ಅಂತಿದ್ದಾರೆ."

"ಕಾರ್ಡ್ ನನ್ನ ಹತ್ರ ಅಲ್ವಾ ಇರೋದು?"

"ಅದೇ ಹೇಳಿದೆ. ಹಾಗಾದ್ರೆ ಪಕ್ಕಕ್ಕೆ ನಿಂತ್ಕೊಳಿ ಅಂದ್ರು."

ನನ್ನ ಹತ್ತಿರವೂ ಇರಲಿಲ್ಲ. ಜೇಬಿನಲ್ಲಿ ಮನೆ ಬೀಗದ ಕೈ ಒಂದೇ. ಸರಸ್ವತಿಪುರಂನ ಮನೆಗೆ ಓಡಿದೆ. ಕಾರ್ಡಿನ ಮಧ್ಯದ ಅಂಕಿಗಳ ಮೇಲೆ ಕಾಗದದ ಚೂರು ಇಟ್ಟು, ಮೊದಲ ಆರು, ಕೊನೆಯ ನಾಲ್ಕು ಕಾಣುವಂತೆ ಫೋಟೊ ತೆಗೆದೆ. ಕೈ ನಡುಗಿ ಮೊದಲ ಫೋಟೊದಲ್ಲಿ ನನ್ನ ಹೆಬ್ಬೆರಳೇ ದೊಡ್ಡದಾಗಿ ಬಂತು. ಇನ್ನೊಂದು ತೆಗೆದು, ಜೊತೆಗೆ ನನ್ನ ಪಾಸ್‌ಪೋರ್ಟಿನ ಪುಟವನ್ನೂ ವಾಟ್ಸಾಪ್‌ನಲ್ಲಿ ಕಳಿಸಿದೆ. ಅಲ್ಲಿ ಮೇಲಿನವರನ್ನು ಕರೆಸಿದರು. ಅವರು ಅವಳ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಹುಡುಕಿದರಂತೆ. ಪುಣ್ಯಕ್ಕೆ ಕೊನೆಯ ಪುಟದಲ್ಲಿ ಇತ್ತು. ಚೆಕ್-ಇನ್ ಮುಚ್ಚಲು ಹತ್ತು ನಿಮಿಷ ಇರುವಾಗ ಬೋರ್ಡಿಂಗ್ ಪಾಸ್ ಕೈಗೆ ಬಂತು.

ಅವರದೇನೂ ತಪ್ಪಿಲ್ಲ. ಕದ್ದ ಕಾರ್ಡಿನಿಂದ ಟಿಕೆಟ್ ತೆಗೆಯುವವರು ಇದ್ದಾರೆ. ಒಂದು ದೇಶದ ಕಾರ್ಡ್, ಇನ್ನೊಂದು ದೇಶದಿಂದ ಪ್ರಯಾಣ, ಕಾರ್ಡಿನವನು ಪ್ರಯಾಣಿಕನೇ ಅಲ್ಲ ಅಂದರೆ ಅನುಮಾನ ಬರುವುದು ಸಹಜ. ಬೇರೆಯವರ ಕಾರ್ಡ್ ಆದರೆ ಮೊದಲೇ ವೆರಿಫೈ ಮಾಡಿಸಿ ಅಂತ ಬುಕಿಂಗ್ ಮೇಲ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ರೇಟು ನೋಡುವ ಭರದಲ್ಲಿ ಅಷ್ಟು ಕೆಳಗೆ ನಾನು ಇಳಿದಿರಲಿಲ್ಲ.

ಅವಳು ಬರುವುದಕ್ಕೆ ಒಂದೇ ಕಡೆಯ ಟಿಕೆಟ್ ತೆಗೆದಿದ್ದೆ. ಅದು ಬೇಕೆಂದೇ ಮಾಡಿದ್ದು. ಜನವರಿಯಲ್ಲಿ ಅವಳು ಹೊರಡುವಾಗ ಬೆಂಗಳೂರಿನಿಂದ ಶುರುವಾಗುವ ರಿಟರ್ನ್ ಟಿಕೆಟ್ ತೆಗೆದೆ. ಹೋಗುವುದು 2025ರ ಜನವರಿ, ಬರುವುದು ಅದೇ ವರ್ಷದ ರಜೆಗೆ. ಬೆಂಗಳೂರಿನಿಂದ ಶುರುವಾದ್ದರಿಂದ ದರ ರೂಪಾಯಿಯಲ್ಲಿ, ವಿದೇಶಿ ಶುಲ್ಕವಿಲ್ಲ. ಬುಕಿಂಗ್ ತೆರೆಯುವುದು ಸುಮಾರು ಹನ್ನೊಂದು ತಿಂಗಳು ಮುಂದಿನ ತನಕ ಮಾತ್ರ. ಅದಕ್ಕೆ ನವೆಂಬರ್ ಕೊನೆಯ ಒಂದು ತಾರೀಕು ಹಾಕಿಟ್ಟೆ. ರೋಸ್ಟರ್ ಬಂದ ಮೇಲೆ ಡಿಸೆಂಬರ್‌ಗೆ ಬದಲಿಸುವುದು, ದರದಲ್ಲಿ ವ್ಯತ್ಯಾಸ ಇದ್ದರೆ ಕಟ್ಟುವುದು ಅಂತ ಲೆಕ್ಕ. ತೀರಾ ಅಗ್ಗದ ದರದಲ್ಲಿ ತಾರೀಕು ಬದಲಿಸಲು ಬಿಡದಿರಬಹುದು, ವಾಪಸ್ ಬರಲು ಇಡೀ ವರ್ಷ ಕೊಡದಿರಲೂಬಹುದು. ಈ ಸಲ ಸಣ್ಣ ಅಕ್ಷರವನ್ನೆಲ್ಲ ಕನ್ನಡಕ ಹಾಕಿಕೊಂಡು ಓದಿಯೇ ದುಡ್ಡು ಕಟ್ಟಿದೆ.

ಅವಳನ್ನು ಬಿಡಲು ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ಗೆ ಹೋದಾಗ ಕಾರ್ಡ್ ಶರ್ಟಿನ ಜೇಬಿನಲ್ಲೇ ಇತ್ತು. ಟಿಕೆಟ್ ಇಲ್ಲದ ನನ್ನನ್ನು ಒಳಗೆ ಬಿಡುವುದಿಲ್ಲ. ಅವಳು ಒಳಗೆ ಹೋದ ಮೇಲೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾ ಗೇಟಿನ ಹೊರಗೆ ಅರ್ಧ ಗಂಟೆ ನಿಂತೆ. ಕೊನೆಗೆ ಫೋನ್ ಬಂತು.

"ಬೋರ್ಡಿಂಗ್ ಪಾಸ್ ಕೊಟ್ರು ರೀ. ಕಾರ್ಡ್ ಕೇಳಲೇ ಇಲ್ಲ. ನೀವು ಮೈಸೂರಿನ ಫ್ಲೈಬಸ್ ಹತ್ತಿ."