ಡ್ರಮ್ ತುಂಬುವಷ್ಟರಲ್ಲಿ ಮುಗಿಯುವ ವ್ಯಾಯಾಮ

ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಫಾಸ್ಟ್ ಲೋಕಲ್ ರೈಲು ಹಿಡಿದರೂ ಒಂದು ಗಂಟೆಯ ಮೇಲಾಗುತ್ತದೆ. ಹೋಗಿ ಬರುವುದು, ಕಚೇರಿ, ಅಡುಗೆ, ಮಗನ ಓದು ಎಲ್ಲ ಕಳೆದರೆ ವ್ಯಾಯಾಮಕ್ಕೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ಈ ಮಾರ್ಗದಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ಆದರೂ ಒಂದೂವರೆ ವರ್ಷದಿಂದ ನನ್ನ ವ್ಯಾಯಾಮ ನಿಂತಿಲ್ಲ. "ಇದು ಒಂದು ತಿಂಗಳ ಉತ್ಸಾಹ" ಎಂದಿದ್ದ ಭಾವನವರೇ ಮೊನ್ನೆ "ದಿನಾ ಏನೇನು ಮಾಡುತ್ತೀ, ಬರೆದುಕೊಡು" ಎಂದರು.

ಮೊದಲು ದುಡ್ಡಿನ ಲೆಕ್ಕ. ಸ್ಟೇಷನ್ ಬಳಿಯ ಜಿಮ್‌ಗೆ ವರ್ಷದ ಶುಲ್ಕ ₹15,000ದ ಹತ್ತಿರ ಕಟ್ಟಿದ್ದೆ. ಲೋಕಲ್ ತಡವಾದ ದಿನ ಅಲ್ಲಿಗೆ ತಲುಪುವಾಗ ರಾತ್ರಿ ಒಂಬತ್ತು, ಯಂತ್ರಕ್ಕೆ ಸರದಿ ಬೇರೆ. ಎರಡು ತಿಂಗಳೂ ನಡೆಯಲಿಲ್ಲ. ಆಮೇಲೆ ಹಳೆಯ ಟ್ರೆಡ್‌ಮಿಲ್ ಸುಮಾರು ₹24,000ಕ್ಕೆ ಬಂತು. ಕೆಳಗಿನ ಮನೆಯ ತಾರಸಿ ನಡುಗುತ್ತದೆಂದು ದೂರು ಬಂತು, ನಮ್ಮ ಹಾಲ್‌ನಲ್ಲಿ ಮಲಗಲು ಜಾಗ ಹೋಯಿತು. ಮಾರಿದಾಗ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ. ಮೊಬೈಲಿನ ಏಳು ನಿಮಿಷದ ವ್ಯಾಯಾಮ ಚೆನ್ನಾಗಿಯೇ ಇತ್ತು, ಆದರೆ ಅದನ್ನು ನಾಳೆಗೆ ಮುಂದೂಡಬಹುದಿತ್ತು. ಎಲ್ಲವೂ ಕೈಕೊಟ್ಟದ್ದು ಅಲ್ಲಿಯೇ.

ನಮ್ಮ ಕಟ್ಟಡದಲ್ಲಿ ಮುಂದೂಡಲಾಗದ್ದು ನೀರು. ಬೆಳಿಗ್ಗೆ ಐದೂವರೆಗೆ ಬಂದು ಆರೂಕಾಲಕ್ಕೆ ಹೋಗುತ್ತದೆ. ಆ ಹೊತ್ತಿಗೆ ಹೇಗೂ ಎದ್ದು ನಲ್ಲಿಯ ಹತ್ತಿರ ನಿಲ್ಲಲೇಬೇಕು. ವ್ಯಾಯಾಮವನ್ನು ಗಡಿಯಾರದಿಂದ ಬಿಡಿಸಿ ಪಾತ್ರೆಗಳಿಗೆ ಕಟ್ಟಿದೆ. 200 ಲೀಟರಿನ ಡ್ರಮ್ ತುಂಬಲು ಹನ್ನೆರಡು ಹದಿಮೂರು ನಿಮಿಷ ಬೇಕು: ಆಗ ಬಸ್ಕಿ, ದಂಡ, ಎಳೆಯುವ ವ್ಯಾಯಾಮ ಸರದಿಯಂತೆ. ಆಮೇಲೆ ಐದು ಕೊಡ, ಒಂದೊಂದಕ್ಕೆ ನಿಮಿಷದಷ್ಟು. ಒಂದು ಕೊಡ ತುಂಬುವವರೆಗೆ ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದಿರುವುದು), ಆಮೇಲೆ ಆ ಕೊಡವನ್ನು ಎತ್ತಿ ಕಟ್ಟೆಯ ಮೇಲಿಟ್ಟು ಮುಂದಿನದು. ಎತ್ತುವಾಗ ಕೊಡ ಮೈಗೆ ತಾಗಿಕೊಂಡಿರಬೇಕು, ಸೊಂಟ ಬಾಗದೆ ಮಂಡಿ ಬಾಗಬೇಕು, ಕೈ ಬದಲಾಗುತ್ತಿರಬೇಕು.

"ಇಪ್ಪತ್ತು ನಿಮಿಷದಲ್ಲಿ ಏನಾಗುತ್ತದೆ?" ಎಂದು ಭಾವನವರು ಕೇಳಿದ್ದರು. ಅತ್ತೆಯವರದು ಇನ್ನೊಂದು ಮಾತು: "ಬಟ್ಟೆ ಒಗೆಯುವುದೇ ವ್ಯಾಯಾಮವಲ್ಲವೇನಮ್ಮ?" ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಮಾಡಲೇಬೇಕೆಂಬ ಹಳೆಯ ಷರತ್ತನ್ನೂ ಅವರು ಕೈಬಿಟ್ಟಿದ್ದಾರೆ. ನನ್ನ ಇಪ್ಪತ್ತು ನಿಮಿಷಕ್ಕೆ ಸ್ಟೇಷನ್ನಿನವರೆಗಿನ ಬಿರುಸು ನಡಿಗೆ ಸೇರಿದರೆ ಲೆಕ್ಕ ಧಾರಾಳವಾಗಿ ತುಂಬುತ್ತದೆ.

ಮನೆಯಲ್ಲಿ ಕಷ್ಟವಾಗುವುದು ಬೆನ್ನಿನ ಕೆಲಸ. ಬಸ್ಕಿ, ದಂಡಕ್ಕೆ ನೆಲ ಸಾಕು, ಎಳೆಯಲು ಏನಿದೆ? ₹600ರ ರಬ್ಬರ್ ಪಟ್ಟಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿರುಕುಬಿಟ್ಟಿತು. ಈಗ ಹಳೆಯ ಹತ್ತಿಯ ಬೆಡ್‌ಶೀಟನ್ನು ಹುರಿ ಮಾಡಿ, ಒಂದು ತುದಿಗೆ ದಪ್ಪ ಗಂಟು ಹಾಕಿ, ಗಂಟು ಆಚೆ ಬದಿಗೆ ಬರುವಂತೆ ಬಾಗಿಲಿನ ಮೇಲ್ತುದಿಗೆ ಸಿಕ್ಕಿಸಿ ಮುಚ್ಚುತ್ತೇನೆ. ಬಾಗಿಲು ನನ್ನಿಂದ ಆಚೆಗೆ ತೆರೆಯುವಂಥದ್ದೇ ಆಗಬೇಕು. ಆಗ ಎಳೆದಷ್ಟೂ ಅದು ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ. ನಮ್ಮತ್ತ ತೆರೆಯುವ ಬಾಗಿಲಾದರೆ ಚಿಲಕವೇ ಕಿತ್ತು ಬಂದೀತು. ಇನ್ನೊಂದು ತುದಿ ಹಿಡಿದು ಹಿಂದಕ್ಕೆ ವಾಲಿ, ಮೈಯನ್ನು ಬಾಗಿಲತ್ತ ಎಳೆದುಕೊಳ್ಳುತ್ತೇನೆ. ಪಾದಗಳನ್ನು ಬಾಗಿಲಿಗೆ ಹತ್ತಿರ ಸರಿಸಿದಷ್ಟೂ ಭಾರ ಹೆಚ್ಚು.

ಪಕ್ಕದ ಮನೆಯ ಮರಾಠಿ ಅಜ್ಜ ಸೂರ್ಯನಮಸ್ಕಾರವೊಂದೇ ಸಾಕು ಎನ್ನುತ್ತಾರೆ. ಔಂಧ್‌ನ ರಾಜ ಪಂತ ಪ್ರತಿನಿಧಿಯವರು ಅದನ್ನು ಮನೆಮನೆಗೆ ಮುಟ್ಟಿಸಲು ದುಡಿದ ನಾಡು ಇದು, ಅವರ ಅಭಿಮಾನ ಸಹಜವೇ. ನಾನೂ ಒಂದು ಚಳಿಗಾಲ ಅದನ್ನೇ ಮಾಡಿದೆ. ಬೆನ್ನು ಸಡಿಲವಾಯಿತು, ಉಸಿರು ಚೆನ್ನಾಯಿತು. ಎಳೆಯುವ ಶಕ್ತಿ ಮಾತ್ರ ಬರಲಿಲ್ಲ. ಟೆರೇಸಿನಲ್ಲಿ ಹಗ್ಗ ಹಾರುವುದನ್ನೂ ಮಾಡಿ ನೋಡಿದೆ, ಮಳೆಗೆ ಪಾಚಿ ಕಟ್ಟಿದ ಮೇಲೆ ಬಿಟ್ಟೆ.

ಬಸ್ಕಿ ಹದಿನೈದರಿಂದ ಶುರುವಾಗಿ ಐವತ್ತರ ಆಸುಪಾಸಿಗೆ ಬಂತು. ಅಲ್ಲಿಂದ ಮುಂದೆ ಎಣಿಕೆ ಹೆಚ್ಚಿಸಲಿಲ್ಲ. ಮೂರು ಎಣಿಸುತ್ತ ಇಳಿದು, ಕೆಳಗೆ ಒಂದು ಕ್ಷಣ ನಿಂತು ಏಳುತ್ತೇನೆ. ಬೆನ್ನಚೀಲದಲ್ಲಿ ಐದು ಕಿಲೋ ಅಕ್ಕಿ. ದಾದರ್ ಸೇತುವೆಯ ಮೆಟ್ಟಿಲಲ್ಲಿ ಕಾಡುತ್ತಿದ್ದ ಮಂಡಿ ಈಗ ತಂಟೆ ಮಾಡುವುದಿಲ್ಲ. 20 ಲೀಟರಿನ ನೀರಿನ ಕ್ಯಾನನ್ನು ನಾಲ್ಕನೇ ಮಹಡಿಗೆ ನಾನೇ ಹೊತ್ತು ತರುತ್ತೇನೆ, ನಡುವೆ ಎಲ್ಲಿಯೂ ಇಳಿಸುವುದಿಲ್ಲ. ಮೂರನೆಯ ಕೊಡದ ಹೊತ್ತಿಗೆ ಪ್ಲ್ಯಾಂಕಿನ ಬದಲು ಮಾಡುವ ಒಂದು ವ್ಯಾಯಾಮವಿದೆ, ಸೊಂಟನೋವು ಇಳಿದದ್ದು ಅದರಿಂದಲೇ ಎಂದು ನನ್ನ ನಂಬಿಕೆ. ಎದುರು ನಿಂತು ತಿದ್ದದೆ ಅದನ್ನು ಹೇಳಿಕೊಡಲಾರೆ. ಭಾನುವಾರ ಟೆರೇಸಿಗೆ ಬರುವ ನಮ್ಮ ಕಟ್ಟಡದ ಹೆಂಗಸರಿಗಷ್ಟೇ ಗೊತ್ತು.

ಮುಲುಂಡಿನ ಗೆಳತಿಯ ಮನೆಯಲ್ಲಿ ದಿನವಿಡೀ ನೀರು. ಅವಳು ವ್ಯಾಯಾಮವನ್ನು ಕುಕ್ಕರಿನ ಸೀಟಿಗೆ ಕಟ್ಟಿ ನೋಡಿದಳು, ಹೊಂದಲಿಲ್ಲ, ಬೇಳೆಗೂ ಅನ್ನಕ್ಕೂ ಹೊತ್ತು ಬೇರೆ. ಈಗ ಮಗಳು ಶಾಲೆಯ ಬಸ್ ಹತ್ತಿದೊಡನೆ ಶುರು, ಹಾಲು ಕಾಯಿಸುವುದು ಆಮೇಲೆ. ಮೂರು ವಾರದಿಂದ ನಡೆದಿದೆ. ದೀಪಾವಳಿ ರಜೆಯಲ್ಲಿ ಬಸ್ಸು ಬರುವುದಿಲ್ಲವಾದ್ದರಿಂದ ಆ ದಿನಗಳಿಗೆ ಬೇರೆ ಏನನ್ನು ಹಿಡಿಯುವುದೆಂದು ಇಬ್ಬರೂ ಹುಡುಕುತ್ತಿದ್ದೇವೆ.